ಗುವಾಹಟಿಯಿಂದ ಕಂಠೀರವದವರೆಗೆ

12 ಮಾರ್ಚ್ 2015, ಗುರುವಾರ

ಆಫೀಸಿನಲ್ಲಿ ಬೆಳಿಗ್ಗೆಯಿಂದ ಒಂದೇ ಮಾತು. ಶನಿವಾರ ಜಿಂಬಾಬ್ವೆ ಎದುರು ಧೋನಿ ಯಾರನ್ನು ಆಡಿಸುತ್ತಾರೆ, ಯಾರನ್ನು ಕೂರಿಸುತ್ತಾರೆ. ಕ್ರಿಕೆಟ್ ವಿಶ್ವಕಪ್ ನಡೆಯುವಾಗ ಬೇರೆ ಮಾತು ಬರುವುದಾದರೂ ಹೇಗೆ? ಆದರೆ ಇವತ್ತು ಇನ್ನೊಂದು ವಿಶ್ವಕಪ್ಪೂ ಶುರುವಾಯಿತು. 2018ರಲ್ಲಿ ರಷ್ಯಾದಲ್ಲಿ ನಡೆಯುವ ಫುಟ್‌ಬಾಲ್ ವಿಶ್ವಕಪ್ಪಿಗೆ ಇಡೀ ಲೋಕದಲ್ಲಿ ಮೊದಲ ಅರ್ಹತಾ ಪಂದ್ಯಗಳು ನಡೆದದ್ದು ಏಷ್ಯಾದಲ್ಲಿ, ಇವತ್ತೇ. ಮೊದಲ ಗೋಲು ಬಿದ್ದದ್ದು ಪೂರ್ವ ತಿಮೋರಿನ ದಿಲಿಯಲ್ಲಿ. ಹೊಡೆದವನು ಶಿಕಿಟೊ ದೊ ಕಾರ್ಮೊ, ಮಂಗೋಲಿಯ ವಿರುದ್ಧ. ರಷ್ಯಾದಲ್ಲಿ ಫೈನಲ್ ನಡೆಯಲು ಇನ್ನೂ ಮೂರು ವರ್ಷದ ಮೇಲಿದೆ.

ನಮ್ಮ ಪಂದ್ಯ ಗುವಾಹಟಿಯಲ್ಲಿ, ನೇಪಾಳದ ಜೊತೆ. ಸಂಜೆ ಮನೆಗೆ ಬರುವಷ್ಟರಲ್ಲಿ ಅಪ್ಪ ಆಗಲೇ ಮೊಬೈಲ್ ಹಿಡಿದು ಕೂತಿದ್ದರು. ಐಟಿಐ ಕಾರ್ಖಾನೆ ತಂಡಕ್ಕೆ ಲೆಫ್ಟ್ ಔಟ್ ಆಡುತ್ತಿದ್ದ ಮನುಷ್ಯ, ಈಗ ಮಂಡಿನೋವು. ಮೊದಲರ್ಧದಲ್ಲಿ ಗೋಲಿಲ್ಲ. ಅಪ್ಪ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. 53ನೇ ನಿಮಿಷದಲ್ಲಿ ಸುನಿಲ್ ಛೇತ್ರಿ, 71ನೇ ನಿಮಿಷದಲ್ಲಿ ಮತ್ತೆ ಛೇತ್ರಿ. 2–0.

“ಅಂತೂ ಉಸಿರು ಬಂತು” ಎಂದರು ಅಪ್ಪ.

ಅವರ ಆತಂಕಕ್ಕೆ ಕಾರಣವಿತ್ತು. ಈ ತಿಂಗಳ ಫಿಫಾ ಪಟ್ಟಿಯಲ್ಲಿ ಭಾರತ 173ನೆಯದು. ಇಷ್ಟು ಕೆಳಕ್ಕೆ ನಾವು ಯಾವತ್ತೂ ಇಳಿದಿರಲಿಲ್ಲ. ಏಷ್ಯಾದ 46 ದೇಶಗಳಲ್ಲಿ ಕೆಳಗಿನ 12 ದೇಶಗಳು ಮಾತ್ರ ಈ ಮೊದಲ ಸುತ್ತು ಆಡಬೇಕು. ಜೋಡಿ ಜೋಡಿಯಾಗಿ, ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು. ಗೆದ್ದ ಆರು ತಂಡ ಮೇಲಿನ 34ರ ಜೊತೆ ಸೇರಿ ಎರಡನೇ ಸುತ್ತಿನ ಎಂಟು ಗುಂಪುಗಳಿಗೆ ಹೋಗುತ್ತವೆ. ಸೋತ ಆರು ತಂಡಗಳಿಗೆ ವಿಶ್ವಕಪ್ ಅಲ್ಲಿಗೇ ಮುಗಿಯಿತು. ಐದು ದಿನದಲ್ಲಿ 180 ನಿಮಿಷ, ಅಷ್ಟೇ ಅವರ ಪಾಲು. ಮುಂದಿನ ಬಾಗಿಲು ತೆರೆಯುವುದು ನಾಲ್ಕು ವರ್ಷಕ್ಕೆ.

ಕೋಚ್ ಸ್ಟೀಫನ್ ಕಾನ್ಸ್‌ಟಂಟೈನ್ ಹತ್ತು ವರ್ಷದ ಮೇಲೆ ಮರಳಿ ಬಂದಿದ್ದಾರೆ. ಭಾರತಕ್ಕೆ ಮೊದಲ ಸಲ ಬರುವ ಮುಂಚೆ ನೇಪಾಳಕ್ಕೂ ಕೋಚ್ ಆಗಿದ್ದವರು. ಎರಡೂ ಮನೆಯ ಒಳಹೊರಗು ಬಲ್ಲವರು.

17 ಮಾರ್ಚ್ 2015, ಮಂಗಳವಾರ

ಕಾಠ್ಮಂಡುವಿನಲ್ಲಿ 0–0. ಹೋದ ವಾರದ ಎರಡು ಗೋಲು ನಮ್ಮನ್ನು ದಾಟಿಸಿತು. ಆಟದ ಬಗ್ಗೆ ಹೊಗಳಲು ಹೆಚ್ಚೇನೂ ಇಲ್ಲ.

ಇವತ್ತಿನ ದೊಡ್ಡ ಸುದ್ದಿ ಭೂತಾನ್. ಫಿಫಾದ 209 ಸದಸ್ಯ ದೇಶಗಳಲ್ಲಿ 209ನೇ ಸ್ಥಾನ ಅದಕ್ಕೆ. ವಿಶ್ವಕಪ್ ಅರ್ಹತಾ ಪಂದ್ಯ ಆಡುತ್ತಿರುವುದೇ ಇದು ಮೊದಲ ಸಲ. ಗುರುವಾರ ಕೊಲಂಬೊಗೆ ಹೋಗಿ 84ನೇ ನಿಮಿಷದಲ್ಲಿ ತ್ಸೆರಿಂಗ್ ದೋರ್ಜಿ ಹೊಡೆದ ಗೋಲಿನಿಂದ ಶ್ರೀಲಂಕಾವನ್ನು ಸೋಲಿಸಿ ಬಂತು. ಇವತ್ತು ಥಿಂಪುವಿನಲ್ಲಿ 2–1. ಎರಡೂ ಗೋಲು ಚೆಂಚೊ ಗ್ಯೆಲ್ತ್‌ಶೆನ್ ಎಂಬ ಹುಡುಗನದು, ಐದನೇ ನಿಮಿಷದಲ್ಲೊಂದು, ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಇನ್ನೊಂದು. ಆ ತಂಡದ ಕ್ಯಾಪ್ಟನ್ ವೃತ್ತಿಯಲ್ಲಿ ವಿಮಾನದ ಪೈಲಟ್. 2000ದಲ್ಲಿ ಇದೇ ಭೂತಾನ್ ಕುವೈತ್ ಕೈಯಲ್ಲಿ 20–0 ಸೋತಿತ್ತು. 2002ರಲ್ಲಿ ಬ್ರೆಜಿಲ್–ಜರ್ಮನಿ ಫೈನಲ್ ನಡೆದ ದಿನವೇ ಫಿಫಾ ಪಟ್ಟಿಯ ತಳದ ಎರಡು ದೇಶಗಳ ಪಂದ್ಯ ಥಿಂಪುವಿನ ಚಾಂಗ್ಲಿಮಿಥಾಂಗ್ ಮೈದಾನದಲ್ಲಿ ನಡೆದು ಭೂತಾನ್ ಮಾಂಟ್‌ಸೆರಾಟನ್ನು 4–0 ಸೋಲಿಸಿತ್ತು. ಅದು ಸ್ನೇಹದ ಪಂದ್ಯ. ಇವತ್ತಿನದು ವಿಶ್ವಕಪ್ಪಿನ ಪಂದ್ಯ.

ಯೆಮನ್ ತನ್ನ ನೆಲದಲ್ಲಿ ಆಡುವ ಸ್ಥಿತಿಯಲ್ಲಿಲ್ಲ. ಪಾಕಿಸ್ತಾನದ ಎದುರು ಅದರ ‘ತವರಿನ’ ಪಂದ್ಯ ನಡೆದದ್ದು ದೋಹಾದಲ್ಲಿ. ಲಾಹೋರಿನ ಚರ್ಚುಗಳ ಮೇಲೆ ಭಾನುವಾರ ದಾಳಿಯಾದ್ದರಿಂದ ಎರಡನೇ ಪಂದ್ಯವೂ ಅಲ್ಲಿ ನಡೆಯುವುದಿಲ್ಲ. ತಮ್ಮ ಊರಿನ ಜನರ ಮುಂದೆ ಒಂದು ಪಂದ್ಯ ಆಡುವ ಭಾಗ್ಯವೂ ಈ ಇಬ್ಬರಿಗಿಲ್ಲ.

14 ಏಪ್ರಿಲ್ 2015, ಮಂಗಳವಾರ

ಕ್ವಾಲಾಲಂಪುರದಲ್ಲಿ ಎರಡನೇ ಸುತ್ತಿನ ಗುಂಪುಗಳಿಗೆ ಚೀಟಿ ಎತ್ತಿದರು. ನಮ್ಮ ಗುಂಪು ಡಿ. ಇರಾನ್, ಒಮಾನ್, ತುರ್ಕ್‌ಮೆನಿಸ್ತಾನ್, ಗುವಾಮ್. ಎಂಟು ಪಂದ್ಯ ಖಾತ್ರಿ. ಈ ಸಲ ಇದೇ ಪಂದ್ಯಗಳು 2019ರ ಏಷ್ಯಾಕಪ್ಪಿಗೂ ಲೆಕ್ಕ.

ಅಪ್ಪ ಕಾಗದ ಪೆನ್ನು ತೆಗೆದುಕೊಂಡು ನನ್ನ ತಮ್ಮನ ಮಗನಿಗೆ ವಿವರಿಸುತ್ತಿದ್ದರು. ಹೋದ ವಾರದ ಶ್ರೇಯಾಂಕದಲ್ಲಿ ಭಾರತ 173ರಿಂದ 147ಕ್ಕೆ ಏರಿದೆ. ಭೂತಾನ್ 209ರಿಂದ ಒಮ್ಮೆಗೇ 163ಕ್ಕೆ. ಎರಡೇ ಎರಡು ಪಂದ್ಯದ ಫಲ ಇದು. ಕೆಳಗಿರುವವರ ಕಷ್ಟ ಏನೆಂದರೆ, ಶ್ರೇಯಾಂಕ ಕಡಿಮೆ ಎಂದು ಯಾರೂ ಆಡಲು ಕರೆಯುವುದಿಲ್ಲ; ಆಡದೆ ಶ್ರೇಯಾಂಕ ಏರುವುದಿಲ್ಲ. ಆ ಬಾವಿಯಿಂದ ಮೇಲೆ ಬರಲು ಸಣ್ಣ ದೇಶಕ್ಕೆ ಇರುವ ಹಗ್ಗ ಈ ಮೊದಲ ಸುತ್ತು. ಇಲ್ಲಿ ಗೆದ್ದವರಿಗೆ ಸಿಗುವ ನಿಜವಾದ ಬಹುಮಾನ ಇನ್ನೂ ಎಂಟು ಪಂದ್ಯ. ಆ ಎಂಟನ್ನೂ ಸೋತರೂ ಆಡಿದ್ದು ಆಡಿದ್ದೇ.

“ಹಾಗಾದ್ರೆ ಇರಾನ್ ಬೆಂಗಳೂರಿಗೆ ಬರುತ್ತಾ, ತಾತ?” ಎಂದು ಕೇಳಿದ ಹುಡುಗ.

“ಬರ್ಲೇಬೇಕು. ತವರು-ಪರವೂರು ಅಂದ್ರೆ ಅದೇ ಕಣೋ. ಎಷ್ಟೇ ದೊಡ್ಡೋನಾದ್ರೂ ನಮ್ಮ ಮನೆ ಬಾಗಿಲಿಗೆ ಬಂದು ಆಡ್ಬೇಕು.”

25 ಏಪ್ರಿಲ್ 2015, ಶನಿವಾರ

ನೇಪಾಳದಲ್ಲಿ ಭೂಕಂಪ, 7.8ರ ತೀವ್ರತೆ. ಟೀವಿಯಲ್ಲಿ ಕಾಠ್ಮಂಡುವಿನ ಬೀದಿಗಳನ್ನು ನೋಡಲಾಗುತ್ತಿಲ್ಲ. ಹೋದ ತಿಂಗಳು ಆ ಊರಿನಲ್ಲಿ ಪಂದ್ಯ ನೋಡಿದ ಜನ ಈಗ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ. ಇವತ್ತು ಬೇರೇನೂ ಬರೆಯಲಾರೆ.

11 ಜೂನ್ 2015, ಗುರುವಾರ

ಒಮಾನ್ ಎದುರು ಪಂದ್ಯ, ಬೆಂಗಳೂರಿನ ಕಂಠೀರವ ಮೈದಾನದಲ್ಲಿ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದು, ಅಲ್ಲಿಂದ ನಡೆದೇ ಹೋದೆವು, ನಾನು, ಅಪ್ಪ, ಹುಡುಗ. ಅಪ್ಪ ನಿಧಾನವಾಗಿ ಹೆಜ್ಜೆ ಹಾಕುತ್ತಾ ಹಳೇ ಕಥೆ ತೆಗೆದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಆ ತಂಡ ಎರಡು ಪೆನಾಲ್ಟಿ ಕಳೆದುಕೊಂಡು 1–2ರಲ್ಲಿ ಸೋತಿತು. ಅಹ್ಮದ್ ಖಾನ್ ಇಲ್ಲಿಯವರೇ, ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರಾದರು. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ಇಲ್ಲಿಯ ಅರುಮೈನಾಯಗಂ. ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲಿ ಸತತ ಎರಡು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು ತಂದಿತ್ತು. ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರದ ಹುಡುಗರು ಹುಟ್ಟಿದ್ದೇ ಚೆಂಡಿನ ಹಿಂದೆ ಓಡಲು ಎನ್ನುವ ಕಾಲ ಅದು. ಇಂಥ ಊರಿಗೆ ವಿಶ್ವಕಪ್ ಅರ್ಹತಾ ಪಂದ್ಯ ಬಂದಿದೆ ಎನ್ನುವುದೇ ಅಪ್ಪನಿಗೆ ಹಬ್ಬ.

ನಾವು ಕೂತು ಉಸಿರು ಬಿಡುವುದರೊಳಗೆ ಒಮಾನಿನ ಖಾಸಿಮ್ ಸಯೀದ್ ಗೋಲು ಹೊಡೆದಾಗಿತ್ತು. ಇನ್ನೂ ಮೊದಲ ನಿಮಿಷ. ಮೈದಾನ ತಣ್ಣಗಾಯಿತು. ಆಮೇಲೆ 26ನೇ ನಿಮಿಷ ಬಂತು. ಛೇತ್ರಿ ಚೆಂಡು ಹಿಡಿದು ತಾನೇ ನುಗ್ಗಿ ಹೊಡೆದ ಆ ಗೋಲನ್ನು ನಾನು ಸಾಯುವವರೆಗೂ ಮರೆಯಲಾರೆ. ಪಶ್ಚಿಮದ ಸ್ಟ್ಯಾಂಡಿನ ಹುಡುಗರ ಡೋಲು ಎದೆಯೊಳಗೇ ಬಡಿದ ಹಾಗಾಯಿತು. ಪಕ್ಕದ ಅಪರಿಚಿತ ಹೆಂಗಸು ನನ್ನ ಕೈ ಹಿಡಿದು ಕುಣಿದಳು. 40ನೇ ನಿಮಿಷದಲ್ಲಿ ಒಮಾನಿಗೆ ಪೆನಾಲ್ಟಿ, ಅಲ್ ಹೊಸ್ನಿ ಹೊಡೆದ. 1–2. ಎರಡನೇ ಅರ್ಧ ಪೂರ್ತಿ ನಾವು ಸಮ ಮಾಡುತ್ತೇವೆ ಎಂದೇ ಕಾದೆವು. ಆಗಲಿಲ್ಲ.

ಹನ್ನೊಂದು ದಿನದ ಹಿಂದೆ ಇದೇ ಮೈದಾನದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಎದುರು 87ನೇ ನಿಮಿಷದ ಗೋಲಿಗೆ ಐ-ಲೀಗ್ ಪಟ್ಟ ಕಳೆದುಕೊಂಡಿತ್ತು. ಅವತ್ತು ಅತ್ತ ಹುಡುಗರೇ ಇವತ್ತು ನೀಲಿ ಅಂಗಿ ಹಾಕಿ ಬಂದು ತೊಂಬತ್ತು ನಿಮಿಷ ಕೂಗಿದರು. ಈ ಊರಿನ ಫುಟ್‌ಬಾಲ್ ಅವರ ಗಂಟಲಿನಲ್ಲಿದೆ.

16 ಜೂನ್ 2015, ಮಂಗಳವಾರ

ಗುವಾಮ್‌ನಲ್ಲಿ ಸೋತೆವು, 2–1. ಛೇತ್ರಿಯ ಗೋಲು ಬಂದದ್ದು ತೊಂಬತ್ತು ನಿಮಿಷ ದಾಟಿದ ಮೇಲೆ. ಈಗ ಎಲ್ಲರೂ ಹೇಳುತ್ತಿರುವುದು ಒಂದೇ: ನೂರಿಪ್ಪತ್ತು ಕೋಟಿ ಜನರ ದೇಶ ಒಂದೂವರೆ ಲಕ್ಷ ಚಿಲ್ಲರೆ ಜನರ ದ್ವೀಪದ ಕೈಯಲ್ಲಿ ಸೋತಿತಲ್ಲ ಎಂದು. ಆಫೀಸಿನಲ್ಲೂ ಅದೇ ಕೇಳಬೇಕಾಯಿತು. ನಮ್ಮ ಬೆಂಗಳೂರಿನ ನಾಲ್ಕು ವಾರ್ಡಿನ ಜನಸಂಖ್ಯೆ ಅವರದ್ದು, ನಿಜ.

ನನಗೆ ಈ ಮಾತು ಒಪ್ಪಿಗೆಯಿಲ್ಲ. ಜನಸಂಖ್ಯೆ ಮೈದಾನಕ್ಕಿಳಿಯುವುದಿಲ್ಲ. ನೂರಿಪ್ಪತ್ತು ಕೋಟಿಯಲ್ಲಿ ಎಷ್ಟು ಮಕ್ಕಳಿಗೆ ಎಂಟನೇ ವಯಸ್ಸಿನಲ್ಲಿ ಹುಲ್ಲಿನ ಮೈದಾನ, ಒಳ್ಳೆಯ ಕೋಚ್, ವರ್ಷವಿಡೀ ಲೀಗ್ ಸಿಗುತ್ತದೆ ಎನ್ನುವುದು ಲೆಕ್ಕ. ಗುವಾಮ್ ಅಮೆರಿಕದ ಆಡಳಿತದಲ್ಲಿರುವ ದ್ವೀಪ. ಅದರ ಆಟಗಾರರಲ್ಲಿ ಹಲವರು ಅಮೆರಿಕದ ಲೀಗುಗಳಲ್ಲಿ, ಕಾಲೇಜುಗಳಲ್ಲಿ ಕಲಿತವರು. ಕೋಚ್ ಗ್ಯಾರಿ ವೈಟ್ ಕೆಲವು ವರ್ಷಗಳಿಂದ ಅವರನ್ನೆಲ್ಲ ಹುಡುಕಿ ಜೋಡಿಸಿ ತಂಡ ಕಟ್ಟಿದ್ದಾರೆ. ಐದು ದಿನದ ಹಿಂದೆ ತುರ್ಕ್‌ಮೆನಿಸ್ತಾನವನ್ನೂ 1–0 ಸೋಲಿಸಿದರು, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಅವರ ಮೊದಲ ಗೆಲುವು ಅದು. ಅವರನ್ನು ಮೆಚ್ಚಬೇಕು. ನಾವು ನಮ್ಮ ಮಕ್ಕಳ ಲೀಗಿನ ಬಗ್ಗೆ ನಾಚಬೇಕು.

ಇನ್ನೊಂದು ಮಾತೂ ಓಡಾಡುತ್ತಿದೆ, 1950ರಲ್ಲಿ ವಿಶ್ವಕಪ್ಪಿಗೆ ಹೋಗಬೇಕಿದ್ದ ದೇಶ ಇದು ಎಂದು. ಆಗ ಗುಂಪಿನ ಉಳಿದ ತಂಡಗಳು ಹಿಂದೆ ಸರಿದದ್ದರಿಂದ ಒಂದೂ ಪಂದ್ಯ ಆಡದೆ ನಮಗೆ ಜಾಗ ಸಿಕ್ಕಿತ್ತು. ಬ್ರೆಜಿಲ್‌ಗೆ ನಾವೂ ಹೋಗಲಿಲ್ಲ. ವಿಶ್ವಕಪ್ಪಿನ ಅರ್ಹತಾ ಪಂದ್ಯವನ್ನು ಭಾರತ ಮೈದಾನಕ್ಕಿಳಿದು ಆಡಿದ್ದು 1985ರಲ್ಲೇ ಮೊದಲು. ನಡುವಿನ ಆ ಮೂವತ್ತೈದು ವರ್ಷಗಳನ್ನು, ರಾಮನ್, ಅಹ್ಮದ್ ಖಾನ್, ಅರುಮೈನಾಯಗಂ ಅಂಥವರ ಕಾಲವನ್ನು, ನಾವು ಈ ಬಾಗಿಲ ಹೊರಗೇ ಕಳೆದೆವು. ನನ್ನ ದೊಡ್ಡ ಸಂಕಟ ಅದು.

8 ಸೆಪ್ಟೆಂಬರ್ 2015, ಮಂಗಳವಾರ

ಇರಾನ್ ಬಂತು. ಅಪ್ಪ ಹೇಳಿದ ಹಾಗೆ ನಮ್ಮ ಬಾಗಿಲಿಗೇ ಬಂತು. ಅವರ ಕೋಚ್ ಕಾರ್ಲೋಸ್ ಕೀರೋಜ಼್ ಬೆಂಚಿನ ಮುಂದೆ ನಿಂತಿದ್ದರು. ಇಪ್ಪತ್ತು ವರ್ಷದ ಸರ್ದಾರ್ ಅಜ್ಮೂನ್ ಮೊದಲ ಗೋಲು, ವಿರಾಮದ ಬೆನ್ನಿಗೇ ತೈಮೂರಿಯಾನ್, ತಾರೆಮಿ. 0–3. ಅವರ ಆಟ ಬೇರೆಯದೇ ಮಟ್ಟದ್ದು. ಚೆಂಡು ಅವರ ಕಾಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಮ್ಮವರು ತಿರುಗುವಷ್ಟರಲ್ಲಿ ಅದು ಇನ್ನೊಬ್ಬನಿಗೆ ತಲುಪಿರುತ್ತಿತ್ತು. ಹುಡುಗ ಬಾಯಿ ಬಿಟ್ಟು ನೋಡಿದ. ಸೋಲು ಮರೆತು ಅಜ್ಮೂನನ ಹೆಸರು ಜಪಿಸುತ್ತಾ ಮನೆಗೆ ಬಂದ. ಆಟ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೇನು?

ನನ್ನ ಕಣ್ಣು ಮಾತ್ರ ಪದೇ ಪದೇ ನಮ್ಮ ಎಡಗಡೆಗೆ ಹೋಗುತ್ತಿತ್ತು. ಅಲ್ಲಿ ಇರಾನಿನ ಬಾವುಟ ಹಿಡಿದ ಹುಡುಗಿಯರ ಗುಂಪು. ಇಲ್ಲಿ ಓದಲು ಬಂದವರಿರಬೇಕು. ಮುಖಕ್ಕೆ ಹಸಿರು, ಬಿಳಿ, ಕೆಂಪು ಬಣ್ಣ. ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅವರ ದೇಶದಲ್ಲಿ 1979ರ ಕ್ರಾಂತಿಯ ನಂತರ ಗಂಡಸರ ಫುಟ್‌ಬಾಲ್ ನೋಡಲು ಹೆಂಗಸರಿಗೆ ಮೈದಾನದೊಳಗೆ ಪ್ರವೇಶವಿಲ್ಲ. ಟೆಹರಾನಿನ ಅಜ಼ಾದಿ ಎಂಬ ಮಹಾ ಮೈದಾನದ ಹೆಸರಿನ ಅರ್ಥ ಸ್ವಾತಂತ್ರ್ಯ, ಆದರೆ ಅವರಿಗೆ ಅದರ ಬಾಗಿಲು ಮುಚ್ಚಿದೆ. ತಮ್ಮ ದೇಶದ ತಂಡವನ್ನು ಕಣ್ಣಾರೆ ನೋಡಲು ಅವರು ಬೆಂಗಳೂರಿನ ಕಸ್ತೂರ್ಬಾ ರಸ್ತೆಗೆ ಬರಬೇಕಾಯಿತು. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗುವಾಗ ನಾನು ಅದನ್ನೊಂದು ಹಕ್ಕೆಂದು ಯೋಚಿಸಿದ್ದೇ ಇಲ್ಲ. ಇವತ್ತು ಆ ಹುಡುಗಿಯರ ಮೂರು ಗೋಲಿಗೂ ನಾನು ಚಪ್ಪಾಳೆ ತಟ್ಟಿದೆ. ಅಪ್ಪ ನೋಡಿದರು, ಏನೂ ಅನ್ನಲಿಲ್ಲ.

ನಮ್ಮಂತೆ ಎರಡನೇ ಸುತ್ತಿಗೆ ಬಂದ ಭೂತಾನ್ ಹೋದ ಗುರುವಾರ ದೋಹಾದಲ್ಲಿ ಕತಾರ್ ಎದುರು 15–0 ಸೋತಿದೆ.

12 ನವೆಂಬರ್ 2015, ಗುರುವಾರ, ಬಲಿಪಾಡ್ಯಮಿ

ಹಬ್ಬದ ಹೋಳಿಗೆ ಕಟ್ಟಿಕೊಂಡು ಕಂಠೀರವಕ್ಕೆ. ಗುವಾಮ್ ಎದುರು 1–0. ಹತ್ತನೇ ನಿಮಿಷದಲ್ಲಿ ರಾಬಿನ್ ಸಿಂಗ್. ಮೊದಲರ್ಧ ಮುಗಿಯುವ ಮುಂಚೆಯೇ ಸೈತ್ಯಸೇನ್ ಸಿಂಗ್‌ಗೆ ಕೆಂಪು ಕಾರ್ಡ್. ಉಳಿದ ಹೊತ್ತು ಹತ್ತೇ ಜನ ಹಿಡಿದು ನಿಂತರು. ಕೊನೆಯ ಸೀಟಿ ಊದುವವರೆಗೂ ಅಪ್ಪ ಕೂರಲಿಲ್ಲ, ಮಂಡಿನೋವಿನ ಮಾತೂ ಎತ್ತಲಿಲ್ಲ. ಈ ಸುತ್ತಿನಲ್ಲಿ ನಮ್ಮ ಮೊದಲ ಮೂರು ಅಂಕ. ಹೊರಗೆ ಬಂದರೆ ಊರೆಲ್ಲ ಪಟಾಕಿ. ನಮಗಾಗಿ ಹಚ್ಚಿದ್ದಲ್ಲ, ಆದರೂ ನಮ್ಮದೆಂದೇ ತೆಗೆದುಕೊಂಡೆವು.

ಭೂತಾನ್ ಅಕ್ಟೋಬರಿನಲ್ಲಿ ಮಾಲ್ದೀವ್ಸ್ ಎದುರು ಥಿಂಪುವಿನಲ್ಲಿ 3–4 ಸೋತಿತು. ಆದರೆ ಮೂರು ಗೋಲು! ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ.

29 ಮಾರ್ಚ್ 2016, ಮಂಗಳವಾರ

ಮುಗಿಯಿತು. ಕೊಚ್ಚಿಯಲ್ಲಿ ತುರ್ಕ್‌ಮೆನಿಸ್ತಾನ್ ಎದುರು ಸಂದೇಶ್ ಝಿಂಗನ್ ಮೊದಲ ಗೋಲು ಹೊಡೆದರೂ 1–2. ಎಂಟರಲ್ಲಿ ಒಂದು ಗೆಲುವು, ಏಳು ಸೋಲು, ಗುಂಪಿನ ತಳ. ಗುವಾಮ್ ನಮಗಿಂತ ನಾಲ್ಕು ಅಂಕ ಮೇಲೆ.

7 ಜೂನ್ 2016, ಮಂಗಳವಾರ

ಗುಂಪಿನ ತಳದಲ್ಲಿದ್ದರೂ ಏಷ್ಯಾಕಪ್ಪಿನ ದಾರಿ ಮುಚ್ಚಿಲ್ಲ. ಲಾವೋಸ್ ಜೊತೆ ಪ್ಲೇಆಫ್. ಅಲ್ಲಿ 1–0, ಇವತ್ತು ಗುವಾಹಟಿಯಲ್ಲಿ 6–1. ಮುಂದೆ ನಾಲ್ಕು ತಂಡಗಳ ಗುಂಪು. ಇನ್ನೂ ಆರು ಪಂದ್ಯ ಸಿಕ್ಕಿತು.

13 ಜೂನ್ 2017, ಮಂಗಳವಾರ

ಈಗ ಮೆಟ್ರೋ ಕಬ್ಬನ್ ಪಾರ್ಕ್‌ವರೆಗೂ ಬರುತ್ತದೆ, ಅಪ್ಪನಿಗೆ ನಡಿಗೆ ಕಡಿಮೆಯಾಯಿತು. ಏಷ್ಯಾಕಪ್ ಅರ್ಹತೆಯ ಗುಂಪಿನಲ್ಲಿ ಕಿರ್ಗಿಸ್ತಾನ್ ಎದುರು 1–0. 69ನೇ ನಿಮಿಷ. ಛೇತ್ರಿ ಚೆಂಡು ಹಿಡಿದು ಹೊರಟರು, ಜೊತೆ ಆಟಗಾರ ಜೇಜೆಗೆ ಕೊಟ್ಟು ತಾವು ಮುಂದೆ ಓಡಿದರು, ಜೇಜೆ ರಕ್ಷಕರ ತಲೆ ಮೇಲಿಂದ ಮೆಲ್ಲನೆ ಎತ್ತಿಕೊಟ್ಟರು. ಉಳಿದದ್ದು ಕಾಣುವಷ್ಟರಲ್ಲಿ ಬಲೆ ಅಲುಗಿತ್ತು.

“ಅತ್ತೆ, ಒಮಾನ್ ಮೇಲೆ ಹೊಡೆದದ್ದಕ್ಕಿಂತ ಇದೇ ಚೆನ್ನಾಗಿದೆ ಅಲ್ವಾ?” ಎಂದ ಹುಡುಗ. ಈಗ ಅವನ ದನಿ ಒಡೆದಿದೆ. ವಾದ ಮಾಡಿದೆ, ಮನೆ ತಲುಪಿದರೂ ಮುಗಿಯಲಿಲ್ಲ.

ಮಾರ್ಚಿನಲ್ಲಿ ಯಾಂಗೂನ್‌ಗೆ ಹೋಗಿ ಮ್ಯಾನ್ಮಾರನ್ನು ಸೋಲಿಸಿದ್ದೂ ಛೇತ್ರಿಯ 90ನೇ ನಿಮಿಷದ ಗೋಲಿನಿಂದಲೇ. ಎರಡರಲ್ಲಿ ಎರಡು ಗೆಲುವು. ಇರಾನಿನ ಮುಂದೆ ತಿರುಗಲು ತಡವರಿಸಿದ್ದ ತಂಡ ಈಗ ಒತ್ತಡದಲ್ಲೂ ಚೆಂಡು ಕಾಪಾಡಿಕೊಳ್ಳುತ್ತದೆ. ಆ ಏಳು ಸೋಲುಗಳು ಕಲಿಸಿದ್ದು ಇದನ್ನೇ ಎಂದು ನನಗೆ ಖಾತ್ರಿ.

11 ಅಕ್ಟೋಬರ್ 2017, ಬುಧವಾರ

ಬೆಳಗಿನ ಐದು ಗಂಟೆಗೇ ಟೀವಿ ಹಚ್ಚಿದೆವು. ಸಮುದ್ರಮಟ್ಟದಿಂದ 2,800 ಮೀಟರಿಗೂ ಎತ್ತರದ ಕೀಟೊದಲ್ಲಿ ಅರ್ಜೆಂಟೀನ ಗೆಲ್ಲಲೇಬೇಕಿತ್ತು. ಮೊದಲ ನಿಮಿಷದಲ್ಲೇ ಈಕ್ವೆಡಾರ್ ಗೋಲು. ಆಮೇಲೆ ಮೆಸ್ಸಿ ಒಂದು, ಎರಡು, ಮೂರು. ಅದೇ ಹೊತ್ತಿಗೆ ಅಮೆರಿಕ ಟ್ರಿನಿಡಾಡಿನಲ್ಲಿ ಸೋತು ರಷ್ಯಾದ ದಾರಿ ತಪ್ಪಿಸಿಕೊಂಡಿತು. ಆಫೀಸಿನಲ್ಲಿ ಇವತ್ತು ಎಲ್ಲರ ಬಾಯಲ್ಲೂ ಫುಟ್‌ಬಾಲ್. ಡೆಲ್ಲಿಯಲ್ಲಿ ನಮ್ಮ ಹುಡುಗರು ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪನ್ನೂ ಆಡುತ್ತಿದ್ದಾರೆ. ಸೋಮವಾರ ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ಹೊಡೆದದ್ದು ಫಿಫಾ ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲು.

ಸಂಜೆ ಕಂಠೀರವಕ್ಕೆ. ಎದುರಾಳಿ ನಮ್ಮದೇ ಗುಂಪಿನ ಮಕಾವ್. 2015ರ ಮೊದಲ ಸುತ್ತಿನಲ್ಲೇ ಅವರು ಕಾಂಬೋಡಿಯ ಎದುರು ಸೋತಿದ್ದರು. ಅಂದು ನಾವೂ ಅದೇ ಹನ್ನೆರಡು ದೇಶಗಳಲ್ಲಿ ಒಬ್ಬರು. ರೌಲಿನ್ ಬೋರ್ಜೆಸ್ ಮೊದಲ ಗೋಲು ಹೊಡೆದರೆ ಮಕಾವ್ ಸಮ ಮಾಡಿತು. ಪುಟ್ಟ ತಂಡ, ಅಂಜದೆ ಆಡಿತು. ಅವರ ಗೋಲಿಗೂ ಒಂದಿಷ್ಟು ಜನ ಕೈ ತಟ್ಟಿದ್ದು ಕೇಳಿ ಸಂತೋಷವಾಯಿತು. ಎರಡನೇ ಅರ್ಧದಲ್ಲಿ ಛೇತ್ರಿ, ಆಮೇಲೆ ಅವರದೇ ಆಟಗಾರನ ಕಾಲಿಗೆ ತಾಗಿ ಒಂದು, ಕೊನೆಗೆ ಜೇಜೆ. 4–1.

2011ರಲ್ಲಿ ನಾವು ಏಷ್ಯಾಕಪ್ಪಿಗೆ ಹೋದದ್ದು ಚಾಲೆಂಜ್ ಕಪ್ ಗೆದ್ದ ಬಾಗಿಲಿನಿಂದ. ಈ ಸಲ ಊರೂರು ತಿರುಗಿ, ಸೋತು, ಗೆದ್ದು ಪಡೆದ ಜಾಗ. ಜುಲೈಯಲ್ಲಿ ಶ್ರೇಯಾಂಕ 96ಕ್ಕೂ ಬಂದಿತ್ತು. ನನ್ನ ಕೇಳಿದರೆ ಇದರ ಮೊದಲ ಶ್ರೇಯ ಎರಡನೇ ಸುತ್ತಿನ ಆ ಎಂಟು ಪಂದ್ಯಗಳಿಗೆ ಸಲ್ಲಬೇಕು. ಕೆಳಗಿನ ದೇಶಗಳಿಗೆ ಇನ್ನೂ ಹೆಚ್ಚು ಪಂದ್ಯ ಕೊಡುವುದು ಏಷ್ಯಾದ ಫುಟ್‌ಬಾಲ್ ನಡೆಸುವವರ ಮೊದಲ ಕರ್ತವ್ಯವಾಗಬೇಕು. ಮೊದಲ ಸುತ್ತಿನಲ್ಲಿ ಸೋತ ದೇಶಗಳಿಗೆ ವಿಶ್ವಕಪ್ಪಿನ ಬಾಗಿಲನ್ನು ನಾಲ್ಕು ವರ್ಷ ಮುಚ್ಚಿಬಿಡುವುದು ಅನ್ಯಾಯ.

ಗುಂಪಿನಲ್ಲಿ ಇನ್ನೆರಡು ಪಂದ್ಯ ಬಾಕಿ. ನಾಲ್ಕಕ್ಕೆ ನಾಲ್ಕೂ ಗೆದ್ದು ಭಾರತ ಆಗಲೇ ಅರ್ಹತೆ ಪಡೆದಿದೆ. ಏಷ್ಯಾಕಪ್ 2019ರ ಜನವರಿಯಲ್ಲಿ, ಯುಎಇಯಲ್ಲಿ, 24 ತಂಡಗಳ ನಡುವೆ.